ಆಸ್ಟ್ರೋಫಿಸಿಕ್ಸ್ ಪದವಿಯಲ್ಲಿ ಒಂದು ವರ್ಷ ಹೊರದೇಶ: ಬ್ರಿಟನ್ನಿನ ಕೋರ್ಸ್‌ಗಳಿಗೆ ಸೇರುವವರಿಗೆ

ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ‘ಆಸ್ಟ್ರೋಫಿಸಿಕ್ಸ್ ವಿತ್ ಎ ಇಯರ್ ಅಬ್ರಾಡ್’ (ಒಂದು ವರ್ಷ ಹೊರದೇಶದಲ್ಲಿ ಕಳೆಯುವ ಖಭೌತಶಾಸ್ತ್ರ ಪದವಿ) ಎಂಬ ಒಂದೇ ಹೆಸರಿನ ಹಿಂದೆ ಕನಿಷ್ಠ ಮೂರು ಬಗೆಯ ಪದವಿಗಳಿವೆ. ಯಾವುದಕ್ಕೆ ಅರ್ಜಿ ಹಾಕುತ್ತಿದ್ದೀರಿ ಎಂಬುದನ್ನು ಮೊದಲೇ ತಿಳಿದುಕೊಳ್ಳಿ. ಮುಂದಿನ ಲೆಕ್ಕವೆಲ್ಲ ಅದರ ಮೇಲೆಯೇ ನಿಂತಿದೆ.

ಮೊದಲನೆಯದು ನಾಲ್ಕು ವರ್ಷದ ಬಿಎಸ್ಸಿ. ಮಾಮೂಲಿ ಮೂರು ವರ್ಷದ ಪದವಿಗೆ ನಡುವೆ ಒಂದು ವರ್ಷ ಸೇರಿಸಿದ್ದು ಅಷ್ಟೇ. ಹೊರಗಿನ ವರ್ಷದ ಅಂಕಗಳು ಅಂತಿಮ ದರ್ಜೆಗೆ ಸೇರುವುದೇ ಇಲ್ಲ, ಸೇರಿದರೂ ಬಹಳ ಕಡಿಮೆ ತೂಕ. ಎರಡನೆಯದು ನಾಲ್ಕು ವರ್ಷದ ಎಂಫಿಸ್ ಅಥವಾ ಎಂಸೈ, ಅಂದರೆ ಸ್ನಾತಕೋತ್ತರ ಮಟ್ಟವನ್ನೂ ಒಳಗೊಂಡ ಪದವಿ. ಇದರಲ್ಲಿ ಮೂರನೇ ವರ್ಷವನ್ನೇ ಎತ್ತಿ ಹೊರದೇಶದಲ್ಲಿಡುತ್ತಾರೆ. ಅಂಕಗಳು ಪೂರ್ತಿ ಲೆಕ್ಕಕ್ಕೆ ಬರುತ್ತವೆ, ಬಿಟ್ಟುಹೋದ ವಿಷಯ ಕಲಿಯಲು ಹೆಚ್ಚುವರಿ ವರ್ಷ ಸಿಗುವುದಿಲ್ಲ. ಮೂರನೆಯದು ಸಂಶೋಧನೆಯ ವರ್ಷ. ತರಗತಿಗೆ ಬದಲಾಗಿ ವೀಕ್ಷಣಾಲಯದಲ್ಲೋ ಸಂಸ್ಥೆಯಲ್ಲೋ ಕೆಲಸ. ಸೌತಾಂಪ್ಟನ್ ವಿಶ್ವವಿದ್ಯಾಲಯದ ಎಂಫಿಸ್‌ನಲ್ಲಿ ಅಮೆರಿಕದ ಹಾರ್ವರ್ಡ್-ಸ್ಮಿತ್ಸೋನಿಯನ್ ಖಭೌತ ಕೇಂದ್ರದಲ್ಲಿ ಒಂದು ವರ್ಷ ಸಂಶೋಧನೆ ಮಾಡುವ ಆಯ್ಕೆ ಈ ಬಗೆಯದು. ಸ್ಪೇನಿನ ಲಾ ಪಾಲ್ಮಾ ದ್ವೀಪದಲ್ಲಿ, ಸುಮಾರು 2,400 ಮೀಟರ್ ಎತ್ತರದ ರೋಕೆ ದೆ ಲೋಸ್ ಮುಚಾಚೋಸ್ ಬೆಟ್ಟದ ಮೇಲಿರುವ ಐಸಾಕ್ ನ್ಯೂಟನ್ ಗ್ರೂಪ್ ಎಂಬ ದೂರದರ್ಶಕಗಳ ಸಂಸ್ಥೆ ಕೂಡ ವರ್ಷದ ಮಟ್ಟಿಗೆ ವಿದ್ಯಾರ್ಥಿಗಳನ್ನು ಬಹುಕಾಲದಿಂದ ತೆಗೆದುಕೊಳ್ಳುತ್ತ ಬಂದಿದೆ. ಅಲ್ಲಿ ಸೀಟು ಬೆರಳೆಣಿಕೆಯಷ್ಟು. ಅದೊಂದನ್ನೇ ನಂಬಿ ಕೋರ್ಸ್ ಆರಿಸಬೇಡಿ.

ಅರ್ಜಿ

ಬ್ರಿಟನ್ನಿನ ಕೇಂದ್ರೀಕೃತ ಪ್ರವೇಶ ಸೇವೆಯಾದ ಯುಕಾಸ್ ಮೂಲಕ ಗರಿಷ್ಠ ಐದು ಆಯ್ಕೆ. ಹೊರದೇಶದ ವರ್ಷವಿರುವ ಪದವಿಗೂ ಇಲ್ಲದ ಪದವಿಗೂ ಕೋಡ್ ಬೇರೆ. ಒಂದೇ ವಿಶ್ವವಿದ್ಯಾಲಯದ ಎರಡಕ್ಕೂ ಅರ್ಜಿ ಹಾಕಿ ಎರಡು ಆಯ್ಕೆ ಖರ್ಚು ಮಾಡುವ ಅಗತ್ಯ ಸಾಮಾನ್ಯವಾಗಿ ಇಲ್ಲ, ಯಾಕೆಂದರೆ ಒಳಗೆ ಹೋದ ಮೇಲೆ ಬದಲಾಯಿಸಿಕೊಳ್ಳಬಹುದು. ಆದರೆ ಸ್ಟೂಡೆಂಟ್ ವೀಸಾದಲ್ಲಿ ಬರುವವರು ಮೊದಲಿನಿಂದಲೇ ಉದ್ದದ ಕೋರ್ಸಿಗೆ ಸೇರುವುದು ಒಳ್ಳೆಯದು. ನಂತರ ಬದಲಾಯಿಸಿದರೆ ಕೋರ್ಸ್ ಮುಗಿಯುವ ದಿನಾಂಕ ಒಂದು ವರ್ಷ ಮುಂದೆ ಹೋಗುತ್ತದೆ. ವೀಸಾ ಮಾತ್ರ ಹಳೆಯ ದಿನಾಂಕಕ್ಕೇ ಮುಗಿಯುತ್ತದೆ. ಆಮೇಲೆ ಮತ್ತೊಂದು ಅರ್ಜಿ, ಮತ್ತೊಂದು ಶುಲ್ಕ. ಬೇಡವೆನಿಸಿದಾಗ ಉದ್ದದಿಂದ ಗಿಡ್ಡಕ್ಕೆ ಇಳಿಯುವುದು ಸುಲಭ.

ಎ-ಲೆವೆಲ್‌ನಲ್ಲಿ (ಬ್ರಿಟನ್ನಿನ ಶಾಲೆಯ ಕೊನೆಯ ಪರೀಕ್ಷೆ) ಗಣಿತ ಮತ್ತು ಭೌತಶಾಸ್ತ್ರ ಎರಡೂ ಬೇಕು. ಫರ್ದರ್ ಮ್ಯಾಥ್ಸ್ ಎಂಬ ಹೆಚ್ಚುವರಿ ಗಣಿತವೂ ಇದ್ದರೆ ಮೊದಲ ವರ್ಷ ಉಸಿರಾಡಲು ಜಾಗ ಸಿಗುತ್ತದೆ. 2026ರ ಪ್ರವೇಶದಿಂದ ಅರ್ಜಿಯ ಜೊತೆ ನಿಮ್ಮ ಬಗ್ಗೆ ಬರೆಯುವ ಪರ್ಸನಲ್ ಸ್ಟೇಟ್‌ಮೆಂಟ್ ಮೂರು ಪ್ರಶ್ನೆಗಳ ರೂಪ ಪಡೆದಿದೆ: ಒಟ್ಟು 4,000 ಅಕ್ಷರ, ಪ್ರತಿ ಉತ್ತರಕ್ಕೆ ಕನಿಷ್ಠ 350. ನಕ್ಷತ್ರ ನೋಡಿ ಬೆರಗಾದ ಬಾಲ್ಯದ ವರ್ಣನೆಯಲ್ಲಿ ಈ ಜಾಗ ಕಳೆಯಬೇಡಿ. ಓದುವವರು ಆ ಬೆರಗನ್ನು ಆ ದಿನ ಬೆಳಗ್ಗೆಯಿಂದ ಹತ್ತಾರು ಸಲ ಓದಿರುತ್ತಾರೆ. ನಕ್ಷತ್ರಗಳ ಸ್ಥಾನ ಅಳೆದ ಗಾಯಾ ಬಾಹ್ಯಾಕಾಶ ದೂರದರ್ಶಕದ ಮುಕ್ತ ದತ್ತಾಂಶ ತೆಗೆದುಕೊಂಡು ಒಂದು ನಕ್ಷತ್ರಗುಚ್ಛದ ಬಣ್ಣ–ಪ್ರಕಾಶ ನಕ್ಷೆ ಬರೆದು, ಅದರಲ್ಲಿ ಯಾವ ಚುಕ್ಕಿಗಳು ಗುಚ್ಛಕ್ಕೆ ಸೇರಿದವಲ್ಲ ಎಂದು ಹೇಗೆ ಗುರುತಿಸಿದಿರಿ ಎಂಬ ನಾಲ್ಕು ಸಾಲು ಸಾಕು.

ಊರಲ್ಲ, ಪಠ್ಯಕ್ರಮ

ಹೆಚ್ಚಿನವರು ಎಡವುವುದು ಇಲ್ಲಿ. ನಗರ ನೋಡಿ, ಹವೆ ನೋಡಿ, ರ್‍ಯಾಂಕಿಂಗ್ ನೋಡಿ ಜಾಗ ಆರಿಸುತ್ತಾರೆ. ಆಮೇಲೆ ತೆಗೆದುಕೊಳ್ಳಲು ಕೋರ್ಸ್ ಸಿಗದೆ ಒದ್ದಾಡುತ್ತಾರೆ. ಖಭೌತ ವಿಷಯಗಳು ಎಲ್ಲೆಡೆ ಸಿಗುತ್ತವೆ. ಗೆಲಕ್ಸಿಗಳು, ನಕ್ಷತ್ರ ವಿಕಾಸ, ವಿಶ್ವವಿಜ್ಞಾನ ಇಲ್ಲದ ಭೌತಶಾಸ್ತ್ರ ವಿಭಾಗ ಅಪರೂಪ. ತಪ್ಪಿಹೋಗುವುದು ಬುನಾದಿ: ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್, ಸಾಲಿಡ್ ಸ್ಟೇಟ್, ನ್ಯೂಕ್ಲಿಯರ್ ಮತ್ತು ಪಾರ್ಟಿಕಲ್, ಪ್ರಯೋಗಾಲಯ. ಬ್ರಿಟನ್ನಿನ ಭೌತಶಾಸ್ತ್ರ ಸಂಸ್ಥೆಯಾದ ಇನ್‌ಸ್ಟಿಟ್ಯೂಟ್ ಆಫ್ ಫಿಸಿಕ್ಸ್‌ನ ಮಾನ್ಯತೆ ಇರುವ ಪದವಿಯಲ್ಲಿ ಭೌತಶಾಸ್ತ್ರದ ಈ ತಿರುಳನ್ನು ಸಾಮಾನ್ಯವಾಗಿ ಬಿಡುವಂತಿಲ್ಲ.

ಹಾಗಾಗಿ ಹೀಗೆ ಮಾಡಿ. ತವರು ವಿಶ್ವವಿದ್ಯಾಲಯದ, ಅಂದರೆ ಬ್ರಿಟನ್ನಿನಲ್ಲಿ ನೀವು ಸೇರಿದ ವಿಶ್ವವಿದ್ಯಾಲಯದ, ಮೂರನೇ ವರ್ಷದ ಕಡ್ಡಾಯ ವಿಷಯಗಳನ್ನು ಎಡಗಡೆ ಬರೆಯಿರಿ. ಹೊರದೇಶದ ಆತಿಥೇಯ ವಿಶ್ವವಿದ್ಯಾಲಯದ ಕೋರ್ಸ್‌ಗಳನ್ನು ಬಲಗಡೆ ಬರೆಯಿರಿ. ಬರೀ ಶೀರ್ಷಿಕೆ ಸಾಲದು, ವಾರವಾರದ ಪಠ್ಯಸೂಚಿಯೇ ಬೇಕು. ಪ್ರತಿಯೊಂದರ ಎದುರು ನಾಲ್ಕು ಸಂಗತಿ ಗುರುತು ಹಾಕಿ: ಯಾವ ಸೆಮಿಸ್ಟರ್‌ನಲ್ಲಿ ನಡೆಯುತ್ತದೆ, ಪೂರ್ವಾಪೇಕ್ಷೆ ಏನು, ಎಷ್ಟು ಕ್ರೆಡಿಟ್, ಯಾವ ಭಾಷೆಯಲ್ಲಿ. ಬ್ರಿಟನ್ನಿನ ಒಂದು ವರ್ಷ 120 ಕ್ರೆಡಿಟ್. ಅದು ಯುರೋಪಿನ ಕ್ರೆಡಿಟ್ ಲೆಕ್ಕವಾದ ಇಸಿಟಿಎಸ್‌ನ 60ಕ್ಕೆ ಸಮ. ಅಮೆರಿಕದಲ್ಲಿ ಸುಮಾರು 30 ಕ್ರೆಡಿಟ್, ಅಂದರೆ ಸೆಮಿಸ್ಟರ್‌ಗೆ 15. ಪಟ್ಟಿಯಲ್ಲಿ ಬೇಕಾದ್ದಕ್ಕಿಂತ ಮೂರ್ನಾಲ್ಕು ಕೋರ್ಸ್ ಹೆಚ್ಚೇ ಇರಲಿ. ಹೋದ ಮೊದಲ ವಾರವೇ ಒಂದೆರಡು ರದ್ದಾಗಿರುತ್ತವೆ, ಇಲ್ಲವೇ ವೇಳಾಪಟ್ಟಿಯಲ್ಲಿ ಒಂದರ ಮೇಲೊಂದು ಬಿದ್ದಿರುತ್ತವೆ.

ಪ್ರತಿ ವ್ಯವಸ್ಥೆಗೂ ಅದರದೇ ಬಲೆ ಇದೆ. ಅಮೆರಿಕದಲ್ಲಿ ಮೂರನೇ ವರ್ಷದ ಕ್ವಾಂಟಂ ಕೋರ್ಸ್ ಶ್ರೋಡಿಂಗರ್ ಸಮೀಕರಣದಿಂದ ಶುರುವಾಗುತ್ತದೆ. ಬ್ರಿಟನ್ನಿನಲ್ಲಿ ಅದನ್ನು ಎರಡನೇ ವರ್ಷದಲ್ಲೇ ಮುಗಿಸಿರುತ್ತೀರಿ, ತವರು ವಿಭಾಗ ಅದನ್ನೇ ಮತ್ತೆ ಓದಲು ಬಿಡುವುದಿಲ್ಲ. ಸರಣಿಯ ಎರಡನೇ ಭಾಗಕ್ಕೆ ನೇರ ಹಾರಬೇಕು, ಅದಕ್ಕೆ ಅಲ್ಲಿನ ಅಧ್ಯಾಪಕರ ಅನುಮತಿ ಬೇಕು, ಅದನ್ನು ಹೊರಡುವ ಮೊದಲೇ ಇಮೇಲ್‌ನಲ್ಲಿ ಪಡೆದಿಟ್ಟುಕೊಳ್ಳಿ. ಜರ್ಮನಿಯಲ್ಲಿ ಸೈದ್ಧಾಂತಿಕ ಭೌತಶಾಸ್ತ್ರ ಒಂದು ಸರಣಿ, ಪ್ರಾಯೋಗಿಕ ಭೌತಶಾಸ್ತ್ರ ಇನ್ನೊಂದು. ಸಾಲಿಡ್ ಸ್ಟೇಟ್ ಬೇಕೆಂದರೆ ಪ್ರಾಯೋಗಿಕ ಸರಣಿಯಲ್ಲಿ ಹುಡುಕಬೇಕು. ಅಲ್ಲಿ ವಾರದ ಅಭ್ಯಾಸ ಹಾಳೆಗಳಲ್ಲಿ ಸಾಮಾನ್ಯವಾಗಿ ಅರ್ಧದಷ್ಟಾದರೂ ಅಂಕ ಗಳಿಸಿದವರನ್ನಷ್ಟೇ ಪರೀಕ್ಷೆಗೆ ಕೂರಿಸುತ್ತಾರೆ. ಮೇ ತಿಂಗಳಲ್ಲಿ ಒಮ್ಮೆಲೇ ಓದಿ ಪಾಸಾಗುವ ಅಭ್ಯಾಸದವರಿಗೆ ಇದು ಕಹಿಮದ್ದು. ಇಟಲಿಯಲ್ಲಿ ಮೌಖಿಕ ಪರೀಕ್ಷೆ ಮಾಮೂಲು: ಬೋರ್ಡಿನ ಮುಂದೆ ನಿಂತು, ಸಮೀಕರಣವನ್ನು ಇಟಾಲಿಯನ್‌ನಲ್ಲಿ ಹಂತಹಂತವಾಗಿ ಸಾಧಿಸಿ ತೋರಿಸಬೇಕಾಗಬಹುದು. ಸಮೀಕರಣಕ್ಕೆ ಭಾಷೆ ಬೇಡ ಎನ್ನುವವರು ಅಂಥ ಬೋರ್ಡಿನ ಮುಂದೆ ನಿಂತವರಲ್ಲ. ಸ್ಥಳೀಯ ಭಾಷೆಯಲ್ಲಿ ಓದುವುದಾದರೆ ಯುರೋಪಿನ ಭಾಷಾ ಅಳತೆಯ ಬಿ2 ಮಟ್ಟ (ಸರಾಗವಾಗಿ ಓದಿ ಮಾತಾಡುವಷ್ಟು) ಬೇಕು, ಅದಕ್ಕೆ ಮೊದಲ ವರ್ಷದ ಅಕ್ಟೋಬರ್‌ನಲ್ಲೇ ಭಾಷಾ ತರಗತಿ ಸೇರಬೇಕು.

ದಕ್ಷಿಣಾರ್ಧ ಗೋಳದ ಬಲೆ ಇನ್ನೂ ಸೂಕ್ಷ್ಮ. ಆಸ್ಟ್ರೇಲಿಯಾದ ಶೈಕ್ಷಣಿಕ ವರ್ಷ ಫೆಬ್ರವರಿ ಕೊನೆ ಅಥವಾ ಮಾರ್ಚ್‌ನಲ್ಲಿ ಶುರುವಾಗುತ್ತದೆ. ನೀವು ಜುಲೈಯಲ್ಲಿ ಇಳಿದರೆ ಮೊದಲು ಸಿಗುವುದು ಅವರ ಎರಡನೇ ಸೆಮಿಸ್ಟರ್. ಎರಡು ಭಾಗದ ಕೋರ್ಸ್‌ಗಳಲ್ಲಿ ಎರಡನೇ ಭಾಗ ಮೊದಲು, ಮೊದಲ ಭಾಗ ಆಮೇಲೆ ಬರುತ್ತದೆ. ಬಿಡಿಬಿಡಿಯಾಗಿ ನಿಲ್ಲುವ ಕೋರ್ಸ್‌ಗಳನ್ನೇ ಆರಿಸಿ. ಇನ್ನೊಂದು ತೊಂದರೆಯೂ ಇದೆ. ಎರಡನೇ ವರ್ಷದ ಒಂದು ವಿಷಯ ಹೋದರೆ ಮರುಪರೀಕ್ಷೆ ಆಗಸ್ಟ್‌ನಲ್ಲಿ, ಅಷ್ಟು ಹೊತ್ತಿಗೆ ಅಲ್ಲಿ ತರಗತಿ ಶುರುವಾಗಿ ವಾರಗಳೇ ಕಳೆದಿರುತ್ತವೆ. ವಿಮಾನದ ಟಿಕೆಟ್ ಫಲಿತಾಂಶ ಬಂದ ಮೇಲೆ ಕೊಳ್ಳಿ.

ಇಷ್ಟೆಲ್ಲ ಇದ್ದರೂ, ವೀಕ್ಷಣೆಯ ಒಲವಿರುವವರಿಗೆ ದಕ್ಷಿಣ ಬೇರೆಯದೇ ಆಕಾಶ. ನಮ್ಮ ಗೆಲಕ್ಸಿಯ ಕೇಂದ್ರದ ಡಿಕ್ಲಿನೇಷನ್ (ಆಕಾಶದಲ್ಲಿನ ಅಕ್ಷಾಂಶ) ಸುಮಾರು −29 ಡಿಗ್ರಿ. ಲಂಡನ್ನಿನ 51.5 ಡಿಗ್ರಿ ಅಕ್ಷಾಂಶದಲ್ಲಿ ಅದು ದಿಗಂತದಿಂದ ಏರುವುದೇ 90 − 51.5 − 29, ಅಂದರೆ ಒಂಬತ್ತೂವರೆ ಡಿಗ್ರಿ. ನೆತ್ತಿಯ ಮೇಲಿನ ತಾರೆಗಿಂತ ಐದಾರು ಪಟ್ಟು ದಪ್ಪದ ಗಾಳಿಯ ಮೂಲಕ ನೋಡಬೇಕು. 3.9 ಮೀಟರ್‌ನ ಆಂಗ್ಲೋ-ಆಸ್ಟ್ರೇಲಿಯನ್ ದೂರದರ್ಶಕವಿರುವ ಸೈಡಿಂಗ್ ಸ್ಪ್ರಿಂಗ್, ದಕ್ಷಿಣಕ್ಕೆ 31 ಡಿಗ್ರಿಯಲ್ಲಿದೆ. ಅಲ್ಲಿ ಅದೇ ಕೇಂದ್ರ ಹೆಚ್ಚುಕಡಿಮೆ ನೆತ್ತಿಗೇ ಬರುತ್ತದೆ. ನಮ್ಮ ನೆರೆಯ ಪುಟ್ಟ ಗೆಲಕ್ಸಿಗಳಾದ ಮೆಗೆಲ್ಲಾನಿಕ್ ಮೋಡಗಳಂತೂ ಬ್ರಿಟನ್ನಿನಿಂದ ಕಾಣುವುದೇ ಇಲ್ಲ.

ಅಂಕ ಪರಿವರ್ತನೆ

ಫ್ರಾನ್ಸ್‌ನಲ್ಲಿ 20ಕ್ಕೆ 10 ಬಂದರೆ ಪಾಸು, 16 ಅತ್ಯುತ್ತಮ. ನೆದರ್ಲೆಂಡ್ಸ್‌ನಲ್ಲಿ 10ಕ್ಕೆ 8 ಹೆಮ್ಮೆಯ ಅಂಕ, 9 ಅಪರೂಪ. ಜರ್ಮನಿಯಲ್ಲಿ 1.0 ತುದಿ, 4.0 ಪಾಸಿನ ಗೆರೆ. ಇವನ್ನು ಬ್ರಿಟನ್ನಿನ ಶೇಕಡಾ ಅಂಕಕ್ಕೆ ತಿರುಗಿಸುವ ಕೋಷ್ಟಕ ಪ್ರತಿ ವಿಶ್ವವಿದ್ಯಾಲಯದ ಬಳಿಯೂ ಬೇರೆ. ಹೊರಡುವ ಮೊದಲೇ ಅದರ ಪ್ರತಿ ಕೇಳಿ ಪಡೆಯಿರಿ. ಅಂಕ ಪೂರ್ತಿ ಸೇರುವ ಎಂಫಿಸ್‌ನವರಿಗೆ ದೇಶ ಆರಿಸುವಾಗ ಈ ಒಂದು ಹಾಳೆ ಯಾವ ಕರಪತ್ರಕ್ಕಿಂತಲೂ ಬೆಲೆಯುಳ್ಳದ್ದು.

ಇನ್ನು ಅರ್ಹತೆ. ಎರಡನೇ ವರ್ಷದ ಕೊನೆಗೆ ಸಾಮಾನ್ಯವಾಗಿ ಶೇ. 60ರ ಆಸುಪಾಸಿನ ಸರಾಸರಿ ಕೇಳುತ್ತಾರೆ. ಬರದಿದ್ದರೆ ಹೊರದೇಶವಿಲ್ಲದ ಪದವಿಗೆ ವರ್ಗಾವಣೆ, ಅಷ್ಟೇ, ಓದು ನಿಲ್ಲುವುದಿಲ್ಲ. ಆದರೆ ಆ ಹೊತ್ತಿಗೆ ತವರಿನ ಊರಲ್ಲಿ ಬಾಡಿಗೆ ಮನೆಗಳು ಮುಗಿದಿರುತ್ತವೆ. ಗೆಳೆಯರಲ್ಲಿ ಒಬ್ಬರಿಗಾದರೂ ಮುಂಚೆಯೇ ಹೇಳಿಟ್ಟಿರಿ.

ವೇಳಾಪಟ್ಟಿ, ವೀಸಾ, ಹಣ

ಎರಡನೇ ವರ್ಷದ ಅಕ್ಟೋಬರ್–ನವೆಂಬರ್‌ನಲ್ಲಿ ಮಾಹಿತಿ ಸಭೆ. ಚಳಿಗಾಲದಲ್ಲಿ ಆಂತರಿಕ ಅರ್ಜಿ. ವಸಂತದಲ್ಲಿ ತವರಿನಿಂದ ಶಿಫಾರಸು, ಅದರ ಬೆನ್ನಿಗೇ ಆತಿಥೇಯರಿಗೆ ಪ್ರತ್ಯೇಕ ಅರ್ಜಿ. ಆಂತರಿಕ ಆಯ್ಕೆ ಆಯಿತೆಂದು ಈ ಎರಡನೇ ಅರ್ಜಿಯನ್ನೇ ಮರೆಯುವವರಿದ್ದಾರೆ. ಆಮೇಲೆ ಅಲ್ಲಿ ಓದುವ ಕೋರ್ಸ್‌ಗಳ ಒಪ್ಪಂದವಾದ ಲರ್ನಿಂಗ್ ಅಗ್ರಿಮೆಂಟ್‌ಗೆ ಸಹಿ, ಕೊನೆಗೆ ವೀಸಾ.

2021ರಿಂದ ಬ್ರಿಟಿಷ್ ಪಾಸ್‌ಪೋರ್ಟ್ ಇದ್ದವರಿಗೂ ಷೆಂಗೆನ್ ದೇಶಗಳಲ್ಲಿ (ಒಳಗಡಿ ತಪಾಸಣೆಯಿಲ್ಲದ ಯುರೋಪಿನ ದೇಶಗಳ ಕೂಟ) 180 ದಿನಕ್ಕೆ 90 ದಿನದ ಮಿತಿ ಇದೆ. ಒಂದು ವರ್ಷ ಓದಲು ಆಯಾ ದೇಶದ ದೀರ್ಘಾವಧಿ ವೀಸಾ ಅಥವಾ ವಾಸದ ಪರವಾನಗಿ ಬೇಕೇ ಬೇಕು. ಜರ್ಮನಿ ಖರ್ಚಿಗೆ ಹಣವಿದೆಯೆಂದು ತೋರಿಸಲು ಹೇಳುತ್ತದೆ. ಅದಕ್ಕಾಗಿ ತೆರೆಯುವ, ತಿಂಗಳಿಗಿಷ್ಟೇ ಎಂದು ಹಣ ತೆಗೆಯಬಹುದಾದ ಬ್ಲಾಕ್ಡ್ ಅಕೌಂಟ್‌ನ ಮೊತ್ತ 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೋ. ಅಮೆರಿಕಕ್ಕೆ ವಿನಿಮಯ ವಿದ್ಯಾರ್ಥಿಗಳು ಹೆಚ್ಚಾಗಿ ಜೆ-1 ವೀಸಾದಲ್ಲಿ ಹೋಗುತ್ತಾರೆ: ಮೊದಲು ಆತಿಥೇಯರಿಂದ ಡಿಎಸ್-2019 ಎಂಬ ಅರ್ಹತಾ ಪತ್ರ, ಆಮೇಲೆ ಸೆವಿಸ್ ಎಂಬ ವಿದ್ಯಾರ್ಥಿ ದಾಖಲೆ ವ್ಯವಸ್ಥೆಗೆ 220 ಡಾಲರ್ ಶುಲ್ಕ, ಆಮೇಲೆ ಸಂದರ್ಶನ. ಅಲ್ಲಿ ಸೆಮಿಸ್ಟರ್‌ಗೆ 12 ಕ್ರೆಡಿಟ್‌ಗಿಂತ ಕೆಳಗಿಳಿದರೆ ವೀಸಾದ ಸ್ಥಿತಿಗೇ ಕುತ್ತು, ಕಷ್ಟದ ಕೋರ್ಸನ್ನು ನಡುವೆ ಕೈಬಿಡುವ ಮುನ್ನ ಎಣಿಸಿ ನೋಡಿ. ಪಾಸ್‌ಪೋರ್ಟ್ ವಾರಗಟ್ಟಲೆ ದೂತಾವಾಸದಲ್ಲೇ ಇರುವುದುಂಟು. ಆ ಬೇಸಿಗೆಯಲ್ಲಿ ಬೇರೆ ಪ್ರವಾಸ ಇಟ್ಟುಕೊಳ್ಳಬೇಡಿ.

ಬ್ರಿಟನ್ನಿನ ಸ್ಟೂಡೆಂಟ್ ವೀಸಾದಲ್ಲಿರುವವರು ಹೊರಗಿರುವ ವರ್ಷವೂ ತವರು ವಿಶ್ವವಿದ್ಯಾಲಯದ ಪ್ರಾಯೋಜಕತ್ವದಲ್ಲೇ ಇರುತ್ತಾರೆ. ಹಾಜರಿ ವರದಿ ಕೇಳಿದಾಗ ಉತ್ತರಿಸದೆ ಕೂತರೆ ಅದು ವೀಸಾಕ್ಕೇ ತೊಡಕು.

ಶುಲ್ಕದ ವಿಷಯ ಖುಷಿಯದು. ಇಂಗ್ಲೆಂಡಿನ ಹೋಮ್ (ಸ್ಥಳೀಯರ ಶುಲ್ಕ ಕಟ್ಟುವ) ವಿದ್ಯಾರ್ಥಿಗಳಿಗೆ ಪೂರ್ತಿ ವರ್ಷ ಹೊರಗೆ ಓದಿದರೆ ಗರಿಷ್ಠ ಶುಲ್ಕದ ಶೇ. 15 ಮಾತ್ರ. 2025–26ರಲ್ಲಿ ಪೂರ್ಣ ಶುಲ್ಕ 9,535 ಪೌಂಡ್ ಇದ್ದಾಗ ಇದು 1,430 ಪೌಂಡ್. ವೀಕ್ಷಣಾಲಯದ ಕೆಲಸದ ವರ್ಷವನ್ನು ಪ್ಲೇಸ್‌ಮೆಂಟ್ ಎಂದು ಎಣಿಸಿದರೆ ಮಿತಿ ಶೇ. 20. ಬ್ರಿಟನ್ನಿಗೆ ಹೊರದೇಶದಿಂದ ಬಂದ ವಿದ್ಯಾರ್ಥಿಗಳಿಗೆ ಈ ಮಿತಿ ಅನ್ವಯಿಸುವುದಿಲ್ಲ, ಆಫರ್ ಬಂದಾಗಲೇ ಆ ವರ್ಷದ ಶುಲ್ಕವನ್ನು ಬರಹದಲ್ಲಿ ಕೇಳಿ.

ಹೊರಡುವ ಮುನ್ನ ಮತ್ತು ಅಲ್ಲಿದ್ದಾಗ

ಪೈಥಾನ್ ಭಾಷೆ, ಅದರ ನಂಪೈ, ಆಸ್ಟ್ರೋಪೈ ಸಲಕರಣೆಗಳು ಕೈಗೆ ಹತ್ತಿರಲಿ. ಖಗೋಳ ಚಿತ್ರಗಳನ್ನಿಡುವ ಫಿಟ್ಸ್ ಕಡತ ತೆರೆದು ಹೆಡರ್ ಓದಲು ಬರಲಿ. ಸಿಸಿಡಿ ಕ್ಯಾಮೆರಾದ ಚಿತ್ರದಿಂದ ಬಯಾಸ್ ಮತ್ತು ಡಾರ್ಕ್ (ಬೆಳಕಿಲ್ಲದೆಯೂ ಬರುವ ಎಣಿಕೆ) ಕಳೆದು ಫ್ಲಾಟ್‌ನಿಂದ (ಸಮಬೆಳಕಿನಲ್ಲಿ ತೆಗೆದ ಚಿತ್ರ) ಭಾಗಿಸುವುದನ್ನು ತವರಿನ ಪ್ರಯೋಗಾಲಯದಲ್ಲೇ ಕಲಿತುಕೊಳ್ಳಿ. 16 ಬಿಟ್ ಕ್ಯಾಮೆರಾದ ಎಣಿಕೆ 65,535ಕ್ಕೆ ನಿಲ್ಲುತ್ತದೆ. ಫ್ಲಾಟ್ ಚಿತ್ರಗಳು 20,000ದಿಂದ 30,000ದ ನಡುವೆ ಇದ್ದರೆ ಕ್ಷೇಮ. ಅದಕ್ಕಿಂತ ತೀರ ಮೇಲೆ ಹೋದರೆ ಸಂವೇದಕದ ನೇರಾನುಪಾತ ಕೆಡುತ್ತದೆ, ತೀರ ಕೆಳಗಿದ್ದರೆ ಗದ್ದಲ ಹೆಚ್ಚು.

ಅಲ್ಲಿ ಕೋರ್ಸ್ ಬದಲಾಯಿಸಿದರೆ ಅದೇ ವಾರ ತವರಿನ ಸಂಯೋಜಕರಿಗೆ ಬರೆದು ಒಪ್ಪಿಗೆ ತೆಗೆದುಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಪರೀಕ್ಷಾ ಮಂಡಳಿಯ ಮುಂದೆ ನಿಲ್ಲುವುದಿಲ್ಲ. ಎಲ್ಲ ಪಠ್ಯಸೂಚಿ, ಅಭ್ಯಾಸ ಹಾಳೆ, ಪ್ರಶ್ನೆಪತ್ರಿಕೆಗಳನ್ನು ಇಳಿಸಿಟ್ಟುಕೊಳ್ಳಿ, ಯಾಕೆಂದರೆ ವರ್ಷ ಮುಗಿದ ಮೇಲೆ ಆತಿಥೇಯರ ಲಾಗಿನ್ ಮುಚ್ಚಿಹೋಗುತ್ತದೆ. ಅಂತಿಮ ವರ್ಷದ ಪ್ರಾಜೆಕ್ಟ್ ಹಂಚಿಕೆ ಸಾಮಾನ್ಯವಾಗಿ ನೀವು ಹೊರಗಿರುವಾಗಲೇ ನಡೆಯುತ್ತದೆ. ಪಟ್ಟಿ ಪ್ರಕಟವಾಗುವ ಮೊದಲೇ ಬೇಕಾದ ಮಾರ್ಗದರ್ಶಕರಿಗೆ ಒಂದು ಇಮೇಲ್ ಬರೆದು ವಿಡಿಯೊ ಕರೆಯಲ್ಲಿ ಮಾತಾಡಿ. ಇಲ್ಲದಿದ್ದರೆ ತವರಿನಲ್ಲೇ ಉಳಿದವರು ಬಾಗಿಲು ತಟ್ಟಿ ಕೇಳಿಕೊಂಡು ಹೋಗಿರುತ್ತಾರೆ, ನಿಮ್ಮ ಪಾಲಿಗೆ ಉಳಿದ ವಿಷಯವಷ್ಟೇ ಬಂದೀತು.