ಕೂಸು ಬರುವ ಮೊದಲು ನಾಯಿಯನ್ನು ಸಜ್ಜುಗೊಳಿಸಿ

ಹುಬ್ಬಳ್ಳಿ-ಧಾರವಾಡದ ಕಡೆ ಬಾಣಂತನ ಹೆಚ್ಚಾಗಿ ತವರಿನಲ್ಲೇ. ಕೂಸು ಗಂಡನ ಮನೆಗೆ ಬರಲು ಕೆಲವು ತಿಂಗಳು ಹಿಡಿಯುತ್ತದೆ. ಆ ಬಿಡುವನ್ನು ಕಳೆದುಕೊಳ್ಳಬೇಡಿ.

ರೇಬಿಸ್ ಲಸಿಕೆ, ಜಂತುಹುಳದ ಔಷಧಿ ಬಾಕಿಯಿದ್ದರೆ ಮುಗಿಸಿ. ತೊಟ್ಟಿಲಿನ ಕೋಣೆಗೆ ನಾಯಿ ಹೋಗುವುದನ್ನು ಈಗಲೇ ನಿಲ್ಲಿಸಿ. ಕೂಸು ಬಂದ ದಿನವೇ ತಡೆದರೆ ಕೂಸಿನಿಂದಲೇ ತನಗೆ ಈ ಕಷ್ಟ ಎಂದುಕೊಳ್ಳಬಹುದು. ಕೂಸಿನ ಬಟ್ಟೆ ತರಿಸಿ ಮೂಸಲು ಕೊಡಿ. ಕೂಸಿಗೆ ಹಾಕುವ ಲೋಬಾನದ ಹೊಗೆಯೂ ನಾಯಿಗೆ ಹೊಸದು, ಮೊದಲೇ ರೂಢಿಯಾಗಲಿ.

ಬಂದ ದಿನ ನಾಯಿಯನ್ನು ಚೆನ್ನಾಗಿ ಅಡ್ಡಾಡಿಸಿ ದಣಿಸಿ. ಒಬ್ಬರು ಕೂಸನ್ನೆತ್ತಿಕೊಂಡು ಕುಳಿತಿರಲಿ, ಇನ್ನೊಬ್ಬರು ಎರಡು ಮೀಟರ್ ದೂರದಲ್ಲಿ ನಾಯಿಯ ಹಗ್ಗ ಹಿಡಿಯಲಿ. ಹಗ್ಗ ಸಡಿಲವಿರಲಿ, ಬಿಗಿದರೆ ನಾಯಿಗೂ ಆತಂಕ. ಶಾಂತವಾಗಿದ್ದರೆ ತಿನಿಸು ಕೊಡಿ, ಐದು ನಿಮಿಷಕ್ಕೆ ಮುಗಿಸಿ. ನೆಂಟರು ತುಂಬಿದ ದಿನ ಇದು ಬೇಡವೇ ಬೇಡ.

ತುಟಿ ನೆಕ್ಕುವುದು, ಪದೇ ಪದೇ ಆಕಳಿಸುವುದು, ಮುಖ ತಿರುಗಿಸುವುದು, ಮೈ ಸೆಟೆಯುವುದು ಕಂಡರೆ ಕೂಡಲೇ ದೂರ ಮಾಡಿ. ಗುರ್ ಎಂದಿತೆಂದು ಹೊಡೆಯಬೇಡಿ: ಎಚ್ಚರಿಕೆ ಕೊಡುವುದನ್ನು ಬಿಟ್ಟು ನೇರವಾಗಿ ಕಚ್ಚಲು ಕಲಿಯುತ್ತದೆ. ಎಷ್ಟೇ ಸಾಧುವಾಗಿದ್ದರೂ ಕೂಸಿನೊಂದಿಗೆ ನಾಯಿಯನ್ನು ಒಂಟಿಯಾಗಿ ಬಿಡಬಾರದು.

ಪರಚಿದರೂ, ಕಚ್ಚಿದರೂ ಹರಿಯುವ ನೀರು, ಸಾಬೂನಿನಿಂದ 15 ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಅರಿಶಿನ, ಸುಣ್ಣ ಹಚ್ಚಬೇಡಿ.