ನಮ್ಮ ಮಕ್ಕಳ ಕಪಾಟಿಗೆ ತಾಂಡಾ, ಕೇರಿ, ಗುಳೆ ಬಂದದ್ದು

ನಾನು ಕಲ್ಯಾಣ ಕರ್ನಾಟಕದ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. 2020ರಲ್ಲಿ ಮಕ್ಕಳನ್ನು ಪಂಚಾಯಿತಿ ಗ್ರಂಥಾಲಯಕ್ಕೆ ಕರೆತರುವ ಸರ್ಕಾರದ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದ ಮೇಲೆ ಊರಿನ ಮಕ್ಕಳ ಜೊತೆ ತಾಂಡಾದವರೂ ಕೇರಿಯವರೂ ಬರತೊಡಗಿದರು. ಬರುತ್ತಿದ್ದರು, ಚಿತ್ರ ನೋಡುತ್ತಿದ್ದರು, ಪುಸ್ತಕ ಒಯ್ಯದೆ ಹೋಗುತ್ತಿದ್ದರು. ಕಾರಣ ತಿಳಿಯಬೇಕಿತ್ತು. ಕಥೆ ಪುಸ್ತಕಗಳನ್ನೆಲ್ಲ ನೆಲದ ಮೇಲೆ ಹರಡಿ, ವಿಂಗಡಿಸುವ ಕೆಲಸವನ್ನು ಮಕ್ಕಳಿಗೇ ಕೊಟ್ಟೆ.

ಕೇಳಿದ ಪ್ರಶ್ನೆಗಳು ಸುಲಭದವು. ಕಥೆಯಲ್ಲಿರುವುದು ಎಂಥ ಮನೆ? ಅಲ್ಲಿ ಏನು ಉಣ್ಣುತ್ತಾರೆ? ಅಮ್ಮ ಏನು ಕೆಲಸ ಮಾಡುತ್ತಾಳೆ? ಹುಡುಗಿ ಏನಾದರೂ ಮಾಡುತ್ತಾಳಾ, ಸುಮ್ನೆ ಪಕ್ಕದಲ್ಲಿ ನಿಂತಿರುತ್ತಾಳಾ? ಕಣ್ಣು ಕಾಣದವರು ಕಥೆಯಲ್ಲಿ ಬಂದರೆ ಬರೀ ‘ಅಯ್ಯೋ ಪಾಪ’ ಅನ್ನಿಸಿಕೊಳ್ಳೋಕೆ ಬರುತ್ತಾರಾ? ರಾಜ-ರಾಣಿ ಮತ್ತು ಪ್ರಾಣಿಗಳ ಗುಡ್ಡೆ ಎಲ್ಲಕ್ಕಿಂತ ದೊಡ್ಡದಾಯಿತು. ಅದರ ನಂತರ ಪಟ್ಟಣದ ಮನೆಗಳದ್ದು. ಅಪ್ಪ ಅಮ್ಮ ಗುಳೆ ಹೋಗುವ ಕಥೆ ಒಂದೂ ಇರಲಿಲ್ಲ. ಕಬ್ಬು ಕಡಿಯೋಕೆ, ಕಟ್ಟಡದ ಕೆಲಸಕ್ಕೆ ಅಂತ ವರ್ಷದಲ್ಲಿ ಕೆಲವು ತಿಂಗಳು ತಾಂಡಾದ ಮನೆಗಳಿಗೆ ಬೀಗ ಬೀಳುವ ಸೀಮೆ ನಮ್ಮದು. ಊಟದ ವಿಷಯವೂ ಹಾಗೇ. 2021ರ ಕೊನೆಗೆ ನಮ್ಮ ಭಾಗದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದರು. ನಮ್ಮ ಕಪಾಟಿನ ಯಾವ ಕಥೆಯ ತಟ್ಟೆಯಲ್ಲೂ ಮೊಟ್ಟೆ ಇರಲಿಲ್ಲ, ಮೀನು ಮಾಂಸ ಅಂತೂ ದೂರವೇ ಉಳಿಯಿತು.

ಹೊಸ ಪುಸ್ತಕಕ್ಕೆ ದುಡ್ಡು ಕಡಿಮೆ. ಪ್ರಥಮ್ ಬುಕ್ಸ್ ನಡೆಸುವ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ, ಇಳಿಸಿಕೊಂಡು ಪ್ರಿಂಟ್ ಹಾಕಬಹುದು. ಆರಿಸುವಾಗ ನಾನು ಗಟ್ಟಿಯಾಗಿ ಹಿಡಿದುಕೊಂಡ ಮಾತು ಒಂದೇ: ಬಡವರ ಕಥೆ, ದಲಿತರ ಕಥೆ ಅಂದರೆ ಬರೀ ನೋವಿನ ಕಥೆ ಆಗಬಾರದು. ಕೇರಿಯ ಹುಡುಗನ ಮೇಕೆಯೂ ಕಳೆದುಹೋಗಬೇಕು, ಅವನೂ ಗೆಳೆಯನ ಜೊತೆ ಜಗಳ ಆಡಬೇಕು, ಸೈಕಲ್ ಕಲಿಯಬೇಕು. ಅವಮಾನದ ಕಥೆಯಲ್ಲಿ ಮಾತ್ರ ಅವನು ಕಾಣಿಸಿಕೊಂಡರೆ, ಓದುವ ಹೊತ್ತಿಗೆ ಉಳಿದ ಮಕ್ಕಳೆಲ್ಲ ತಿರುಗಿ ಅವನ ಮುಖ ನೋಡುತ್ತಾರೆ. ಆ ನೋಟ ಮಕ್ಕಳನ್ನು ಗ್ರಂಥಾಲಯದಿಂದಲೇ ಓಡಿಸುತ್ತದೆ.

ಹಾಗಾಗಿ ದಿನನಿತ್ಯದ ಕಥೆಗಳು ಮೊದಲು. ಗುಂಪು ಒಂದಾಗಿ ಕೂರುವುದು ರೂಢಿಯಾದ ಮೇಲೆ ಅನ್ಯಾಯದ ಕಥೆ. ನಾನು ಜಾಸ್ತಿ ಹೇಳುವುದು ಬಾಬಾಸಾಹೇಬ್ ಅಂಬೇಡ್ಕರರು ತಮ್ಮ ಬಾಲ್ಯದ ಬಗ್ಗೆ ಬರೆದಿರುವ ಪ್ರಸಂಗ. 1901ರಲ್ಲಿ ಅಪ್ಪನನ್ನು ನೋಡಲು ಹೊರಟ ಹುಡುಗರು ಮಹಾರಾಷ್ಟ್ರದ ಮಸೂರ್ ರೈಲು ಸ್ಟೇಷನ್ನಿನಲ್ಲಿ ಇಳಿಯುತ್ತಾರೆ. ಜಾತಿ ತಿಳಿದದ್ದೇ ಗಾಡಿಯವರು ಯಾರೂ ಬರಲು ಒಪ್ಪುವುದಿಲ್ಲ. ಕೊನೆಗೆ ಒಬ್ಬ ದುಪ್ಪಟ್ಟು ಬಾಡಿಗೆಗೆ ಒಪ್ಪುತ್ತಾನೆ, ಆದರೆ ಗಾಡಿ ಹುಡುಗರೇ ಹೊಡೆಯಬೇಕು. ಬುತ್ತಿ ಇದ್ದರೂ ನೀರು ಸಿಗದೆ ರಾತ್ರಿ ಉಪವಾಸ. ಕಥೆ ಮುಗಿದ ಮೇಲೆ ‘ನಿನಗೂ ಹೀಗೆ ಆಗಿದೆಯಾ?’ ಅಂತ ಯಾವ ಮಗುವನ್ನೂ ಕೇಳುವುದಿಲ್ಲ. ‘ಸ್ಟೇಷನ್ ಮಾಸ್ತರ ಏನು ಮಾಡಬಹುದಿತ್ತು? ಗಾಡಿಯವನು?’ ಅಂತ ಎಲ್ಲರನ್ನೂ ಕೇಳುತ್ತೇನೆ. ಆಗ ಉತ್ತರ ಹೇಳುವ ಹೊಣೆ ಇಡೀ ಗುಂಪಿನ ಮೇಲೆ ಬೀಳುತ್ತದೆ.

‘ಮೇಡಂ, ಸಣ್ಣ ಮಕ್ಕಳಿಗೆ ಜಾತಿ ವಿಷಯ ಯಾಕ್ರಿ?’ ಅಂತ ಕೆಲವು ಹಿರಿಯರು ಕೇಳಿದ್ದುಂಟು. ಯಾರ ಮನೆಯೊಳಗೆ ಹೋಗಬಹುದು, ಯಾರ ಮನೆ ಹೊಸ್ತಿಲಲ್ಲಿ ನಿಲ್ಲಬೇಕು ಅನ್ನುವುದು ಮಕ್ಕಳಿಗೆ ಆಗಲೇ ಗೊತ್ತಿರುತ್ತದೆ, ಅಲ್ವಾ? ಅದು ತಪ್ಪು ಅಂತ ಹೇಳುವವರು ಬೇಕು, ಅಷ್ಟೇ.

ಗುಳೆಯ ಕಥೆಯನ್ನು ಕೊನೆಗೆ ಮಕ್ಕಳೇ ಬರೆದರು. ಹಾಳೆಯ ಮೇಲರ್ಧದಲ್ಲಿ ಲಂಬಾಣಿ ಮಾತು, ಕನ್ನಡ ಲಿಪಿಯಲ್ಲಿ. ಕೆಳಗೆ ಅದೇ ಮಾತು ಕನ್ನಡದಲ್ಲಿ. ದಾರದಿಂದ ಹೊಲಿದು, ರಟ್ಟು ಹಾಕಿ, ರಿಜಿಸ್ಟರಿನಲ್ಲಿ ನಂಬರ್ ಕೊಟ್ಟು, ಸೀಲ್ ಒತ್ತಿದೆ. ಬೇರೆ ಪುಸ್ತಕಗಳಂತೆ ಅವನ್ನೂ ಮನೆಗೆ ಕೊಡುತ್ತೇನೆ. ಊರಿನ ಮಕ್ಕಳೂ ಒಯ್ಯುತ್ತಾರೆ.

ಹೈಸ್ಕೂಲಿನವರಿಗೆ ಪುಸ್ತಕ ಹುಡುಕುವುದೇ ಕಷ್ಟ. ದಲಿತ ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರು ಕೇರಿ’ಯ ಬಾಲ್ಯದ ಪುಟಗಳನ್ನು ಓದಿ ಹೇಳುತ್ತೇನೆ. ಅದರಲ್ಲಿ ಹಸಿವೂ ಇದೆ, ನಗುವೂ ಇದೆ. ಹುಡುಗಿಯರಿಗೆ 1855ರಲ್ಲಿ ಜ್ಯೋತಿಬಾ-ಸಾವಿತ್ರಿಬಾಯಿ ಫುಲೆ ದಂಪತಿಯ ಶಾಲೆಯಲ್ಲಿ ಓದುತ್ತಿದ್ದ ದಲಿತ ಹುಡುಗಿ ಮುಕ್ತಾಬಾಯಿ ತನ್ನ ಜನರ ಕಷ್ಟದ ಬಗ್ಗೆ ಬರೆದ ಪ್ರಬಂಧದ ಬಗ್ಗೆ ಹೇಳುತ್ತೇನೆ. ಆಗ ಅವಳಿಗೆ ಹದಿನಾಲ್ಕು ವರ್ಷ. ಈ ಕಾಲದ ಹುಡುಗಿ, ಗುಳೆಯಿಂದ ವಾಪಸ್ ಬಂದು ಮತ್ತೆ ಶಾಲೆಗೆ ಸೇರಿದವಳು, ತಾನೇ ಬರೆದ ಕನ್ನಡ ಪುಸ್ತಕ ಇದ್ದರೆ ನಮ್ಮ ಗ್ರಂಥಾಲಯಕ್ಕೆ ಬೇಕು.