ಸೊಟ್ಟ ಪಾದ, ಹಸಿ ಪ್ಲಾಸ್ಟರ್ ಮತ್ತು ನಾಲ್ಕು ವರ್ಷದ ಬೂಟು

ಮೂಳೆ ಡಾಕ್ಟರು ಅಂದ ಕೂಡಲೇ ಜನರಿಗೆ ನೆನಪಾಗುವುದು ಸುತ್ತಿಗೆ, ಡ್ರಿಲ್ಲು, ಸ್ಕ್ರೂ. ತಪ್ಪೇನಿಲ್ಲ. ತೊಡೆಮೂಳೆಗೆ ರಾಡ್ ಹಾಕುವ ದಿನ ನಮ್ಮ ಥಿಯೇಟರು ಬಡಗಿಯ ಅಂಗಡಿಯ ಹಾಗೇ ಇರುತ್ತದೆ. ಎಂಬಿಬಿಎಸ್ ಐದೂವರೆ ವರ್ಷ, ಎಂಎಸ್ ಆರ್ಥೋ ಮೂರು ವರ್ಷ ಮುಗಿಸಿ ಹೊರಬಂದಾಗ ನನಗೂ ದೊಡ್ಡ ಆಪರೇಷನ್ನುಗಳದ್ದೇ ಹುಚ್ಚು. ಆದರೆ ಜಿಲ್ಲಾಸ್ಪತ್ರೆಯಲ್ಲಿ ಇಷ್ಟು ಕಾಲ ಕಳೆದ ಮೇಲೆ, ಯಾವ ಕೆಲಸ ಇಷ್ಟ ಅಂತ ಯಾರಾದರೂ ಕೇಳಿದರೆ ಪ್ಲಾಸ್ಟರ್ ರೂಮಿನ ಕಡೆ ಕೈ ತೋರಿಸುತ್ತೇನೆ. ವಾರಕ್ಕೊಂದು ದಿನ ಅಲ್ಲಿಗೆ ಸೊಟ್ಟ ಪಾದದ ಕೂಸುಗಳು ಬರುತ್ತವೆ.

ಹುಟ್ಟುವಾಗಲೇ ಪಾದ ಒಳಕ್ಕೂ ಕೆಳಕ್ಕೂ ತಿರುಗಿರುವ ತೊಂದರೆ ಇದು. ಹೆಚ್ಚುಕಮ್ಮಿ ಸಾವಿರ ಕೂಸುಗಳಲ್ಲಿ ಒಂದಕ್ಕೆ ಇರುತ್ತದೆ, ಗಂಡುಮಕ್ಕಳಲ್ಲಿ ಜಾಸ್ತಿ. 'ಬಸುರಿ ಇದ್ದಾಗ ಗ್ರಹಣದ ದಿನ ಹೊರಗೆ ಬಂದಿದ್ಲು ಡಾಕ್ಟ್ರೇ' ಅಂತ ಅತ್ತೆ ಶುರು ಮಾಡುತ್ತಾರೆ. ತಾಯಿ ತಲೆ ತಗ್ಗಿಸುತ್ತಾಳೆ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂತ ಅತ್ತೆಯ ಎದುರೇ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಮುಂದಿನ ನಾಲ್ಕು ವರ್ಷ ಈ ಕೆಲಸ ನಡೆಯಬೇಕಾದ್ದು ಆ ತಾಯಿಯಿಂದಲೇ, ಅಲ್ವಾ?

ನಾನು ಕಲಿಯುವಾಗ ಪಾದದ ಒಳಬದಿ, ಹಿಂಬದಿ ಕೊಯ್ದು, ಬಿಗಿದದ್ದನ್ನೆಲ್ಲ ಬಿಡಿಸುವ ಆಪರೇಷನ್ ರೂಢಿಯಲ್ಲಿತ್ತು. ಪಾದ ನೋಡಲು ನೆಟ್ಟಗಾಗುತ್ತಿತ್ತು. ಆದರೆ ಮಕ್ಕಳು ದೊಡ್ಡವರಾದಾಗ ಎಷ್ಟೋ ಪಾದಗಳು ಸೆಟೆದುಕೊಂಡು ನೋಯುತ್ತಿದ್ದವು. ಅಮೆರಿಕದ ಅಯೋವಾದಲ್ಲಿದ್ದ ಮೂಳೆ ಡಾಕ್ಟರು ಇಗ್ನಾಸಿಯೊ ಪೊನ್ಸೆಟಿ 1940ರ ದಶಕದ ಕೊನೆಯಲ್ಲೇ ಬೇರೆ ದಾರಿ ಹಿಡಿದಿದ್ದರು: ಪಾದವನ್ನು ಕೈಯಿಂದಲೇ ತಿದ್ದಿ ಪ್ಲಾಸ್ಟರ್ ಹಾಕುವುದು. ಸ್ಪೇನಿನ ಅಂತರ್ಯುದ್ಧದಲ್ಲಿ ಗಾಯಾಳುಗಳನ್ನು ನೋಡಿಕೊಂಡು, ಕೊನೆಗೆ ದೇಶ ಬಿಟ್ಟು ಹೋದವರು ಅವರು. ಅರ್ಧ ಶತಮಾನ ಅವರ ಮಾತನ್ನು ಹೆಚ್ಚಿನವರು ಕಿವಿಗೇ ಹಾಕಿಕೊಳ್ಳಲಿಲ್ಲ. ಇಂಟರ್ನೆಟ್ ಬಂದು, ಅಪ್ಪ ಅಮ್ಮಂದಿರೇ ಒಬ್ಬರಿಗೊಬ್ಬರು ಹೇಳಿಕೊಳ್ಳಲು ಶುರು ಮಾಡಿದ ಮೇಲೆ ಡಾಕ್ಟರುಗಳು ತಿರುಗಿ ನೋಡಿದರು. ನಮ್ಮ ವೃತ್ತಿಗೆ ಅಷ್ಟೇನೂ ಹೆಮ್ಮೆಯ ವಿಷಯವಲ್ಲ ಬಿಡಿ.

ಕೆಲಸ ನಡೆಯುವುದು ಹೀಗೆ. ಕೂಸು ಹಾಲು ಕುಡಿಯುತ್ತಿರಬೇಕು. ಅಳುವ ಕೂಸಿನ ಕಾಲು ಬಿಗಿಯಾಗಿರುತ್ತದೆ, ಕೈಗೆ ಬಗ್ಗುವುದಿಲ್ಲ. ಪಾದದ ಹೊರಬದಿಯಲ್ಲಿ, ಕಣಕಾಲ ಗಂಟಿಗೆ ಸ್ವಲ್ಪ ಮುಂದೆ, ಟೇಲಸ್ ಅನ್ನುವ ಕಣಕಾಲ ಕೀಲಿನ ಮೂಳೆಯ ತಲೆ ಉಬ್ಬಿಕೊಂಡು ಸಿಗುತ್ತದೆ. ಅಲ್ಲಿ ಹೆಬ್ಬೆರಳು ಊರಿ, ಇನ್ನೊಂದು ಕೈಯಿಂದ ಮುಂಪಾದವನ್ನು ಮೆಲ್ಲಗೆ ಹೊರಕ್ಕೆ ತರಬೇಕು. ಹಿಮ್ಮಡಿಯನ್ನು ಹಿಡಿದು ತಿರುಗಿಸುವ ಹಾಗಿಲ್ಲ, ಅದು ತಾನಾಗಿಯೇ ಸರಿದುಕೊಳ್ಳುತ್ತದೆ. ಎಂಎಸ್ ಓದಲು ಬಂದ ಹೊಸ ಪಿ.ಜಿ.ಗಳಿಗೆ ಇದೊಂದು ಮಾತನ್ನು ನಂಬಿಸುವುದೇ ಕಷ್ಟ. ಬಲ ಹಾಕಿದರೇ ಬೇಗ ಸರಿಯಾಗುತ್ತದೆ ಅಂತ ಅವರ ಲೆಕ್ಕ. ತೆಳುವಾಗಿ ಹತ್ತಿ ಸುತ್ತಿ, ಬೆರಳಿನಿಂದ ತೊಡೆಯ ತನಕ ಪ್ಲಾಸ್ಟರ್ ಹಾಕುತ್ತೇವೆ. ಮೊಣಕಾಲು 90 ಡಿಗ್ರಿ ಮಡಚಿರಬೇಕು, ಇಲ್ಲದಿದ್ದರೆ ಪ್ಲಾಸ್ಟರ್ ಜಾರಿ ಬರುತ್ತದೆ. ಪ್ಲಾಸ್ಟರ್ ಗಟ್ಟಿಯಾಗುವ ತನಕ ಅಂಗೈಯಲ್ಲೇ ತಿದ್ದುತ್ತಿರಬೇಕು. ಒಂದೇ ಜಾಗ ಒತ್ತಿ ಹಿಡಿದರೆ ಅಲ್ಲಿ ಹುಣ್ಣಾಗುತ್ತದೆ. ಕೊನೆಗೆ ಕೂಸಿನ ಕಾಲಿನ ಹೆಬ್ಬೆರಳ ತುದಿ ಒತ್ತಿ ಬಿಟ್ಟು, ಕೆಂಪು ತಕ್ಷಣ ವಾಪಸ್ ಬರುತ್ತದಾ ನೋಡುತ್ತೇನೆ. ಬೆರಳು ನೀಲಿಯಾದರೆ, ಊದಿದರೆ ಅಥವಾ ಒಳಕ್ಕೆ ಸರಿದು ಕಾಣದಿದ್ದರೆ ರಾತ್ರಿಯಾದರೂ ಬನ್ನಿ ಅಂತ ಹೇಳಿ ಕಳಿಸುತ್ತೇನೆ.

ಇದು ವಾರ ವಾರ ನಡೆಯುತ್ತದೆ, ಸಾಮಾನ್ಯವಾಗಿ ಐದಾರು ಪ್ಲಾಸ್ಟರ್. ಆಮೇಲೂ ಹೆಚ್ಚಿನ ಕೂಸುಗಳ ಹಿಮ್ಮಡಿ ಮೇಲೇ ಉಳಿದಿರುತ್ತದೆ. ಆಗ ಆ ಜಾಗ ಮರಗಟ್ಟಿಸಿ, ಸಣ್ಣ ಬ್ಲೇಡಿನಿಂದ ಜನ ಹಿಮ್ಮಡಿಯ ನರ ಅನ್ನುವ ಅಕಿಲಿಸ್ ಟೆಂಡನ್, ಅಂದರೆ ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಕಟ್ಟುವ ಹುರಿ, ಕತ್ತರಿಸುತ್ತೇವೆ. ಬೆರಳಿಗೆ 'ಟಕ್' ಅಂತ ಗೊತ್ತಾಗುತ್ತದೆ, ಪಾದ ಸರ್ರನೆ ಮೇಲೆ ಬರುತ್ತದೆ. ಹೊಲಿಗೆ ಬೇಡ. ಇನ್ನು ಮೂರು ವಾರ ಪ್ಲಾಸ್ಟರಿನಲ್ಲಿದ್ದರೆ ಟೆಂಡನ್ ಮತ್ತೆ ಕೂಡಿಕೊಳ್ಳುತ್ತದೆ. 'ನರ ಕಡಿದ್ರೆ ಮಗು ನಡೆಯುತ್ತಾ?' ಅಂತ ಎಲ್ಲರೂ ಕೇಳುತ್ತಾರೆ. ಮೊದಲೇ ಚಿಕಿತ್ಸೆಯಾಗಿ ಈಗ ಓಡಾಡುತ್ತಿರುವ ಮಗು ಆ ದಿನ ಓಪಿಡಿಗೆ ಬಂದಿದ್ದರೆ, ಅದನ್ನೇ ಕರೆದು ತೋರಿಸುತ್ತೇನೆ. ನನ್ನ ಯಾವ ಮಾತೂ ಅಷ್ಟು ಕೆಲಸ ಮಾಡುವುದಿಲ್ಲ.

ಅಸಲಿ ಕಷ್ಟ ಇರುವುದು, ಪ್ಲಾಸ್ಟರ್ ಬಿಚ್ಚಿದ ಮೇಲೆ ಪಾದ ಮತ್ತೆ ತಿರುಗದಂತೆ ಹಾಕುವ ಬೂಟಿನಲ್ಲಿ. ಒಂದು ಕಡ್ಡಿಗೆ ಎರಡು ಬೂಟು, ಸೊಟ್ಟ ಇದ್ದ ಪಾದ 60–70 ಡಿಗ್ರಿ ಹೊರಮುಖ. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ನಿದ್ದೆಯ ಹೊತ್ತಿನಲ್ಲಿ ಮಾತ್ರ, ನಾಲ್ಕು ವರ್ಷ ತುಂಬುವ ತನಕ. ಪಾದ ಚೆಂದ ಕಾಣುತ್ತಿದೆ, ಕೂಸು ಅಳುತ್ತದೆ, ಸುಮ್ನೆ ಯಾಕೆ ಹಿಂಸೆ ಅಂತ ಅಜ್ಜಿ ಬೂಟು ಬಿಚ್ಚಿಡುತ್ತಾರೆ. ಪಾದ ಮತ್ತೆ ತಿರುಗಲು ದೊಡ್ಡ ಕಾರಣ ಇದೇ. ಹಾಕುತ್ತಿದ್ದೀರಾ ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಅದಕ್ಕೇ ನಾನು ಕೇಳುವ ಮೊದಲು ಬೂಟನ್ನೇ ಕೈಗೆ ತೆಗೆದುಕೊಳ್ಳುತ್ತೇನೆ. ದಿನಾ ಹಾಕಿದ ಬೂಟಿನ ಪಟ್ಟಿಯಲ್ಲಿ ಒಂದೇ ತೂತು ಹಿಗ್ಗಿರುತ್ತದೆ, ಒಳಗೆ ಹಿಮ್ಮಡಿ ಕೂತ ಕಡೆ ಬೆವರಿನ ಕಪ್ಪು ಗುರುತಿರುತ್ತದೆ. ಹೊಸದರಂತೆ ಹೊಳೆಯುವ ಬೂಟು ಬಂದರೆ ಬೈಯುವುದಿಲ್ಲ, ಅಜ್ಜಿಯನ್ನೂ ಒಳಗೆ ಕರೆಯುತ್ತೇನೆ.

ಈಗ ಎಷ್ಟೋ ಕೂಸುಗಳನ್ನು ಆಶಾ ಕಾರ್ಯಕರ್ತೆಯರೇ ಕಳಿಸುತ್ತಾರೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮಕ್ಕಳನ್ನು ತಪಾಸಣೆ ಮಾಡಿ ಹುಡುಕುವ ತೊಂದರೆಗಳ ಪಟ್ಟಿಯಲ್ಲಿ ಸೊಟ್ಟ ಪಾದವೂ ಇದೆ. ಹುಟ್ಟಿದ ಒಂದೆರಡು ವಾರದಲ್ಲೇ ಬಂದರೆ ನನಗೆ ಅರ್ಧ ಕೆಲಸ ಕಮ್ಮಿ. ತಡವಾಗಿ ಬಂದರೂ, ಪಾದ ಮತ್ತೆ ತಿರುಗಿದ್ದರೂ, ಮೊದಲು ಮಾಡುವುದು ಅದೇ ವಾರದ ಪ್ಲಾಸ್ಟರ್. ಎರಡೂವರೆ, ಮೂರು ವರ್ಷ ದಾಟಿದ ಮಗು ನಡೆಯುವಾಗ ಪಾದ ಒಳಕ್ಕೆ ಎಳೆಯುತ್ತಿದ್ದರೆ ಮಾತ್ರ, ಮುಂಗಾಲಿನ ಒಂದು ಟೆಂಡನ್ನನ್ನು ಪಾದದ ನಡುವಿಗೆ ಸರಿಸುವ ಆಪರೇಷನ್ ಬರೆಯುತ್ತೇನೆ.